ಅಳಿಯನಿಗೊಂದು ಪಾಸು

ನನ್ನ ಎಡಗಾಲಿನ ಮೇಲೆ ದೊಡ್ಡಪ್ಪನಿಗೆ ಅಕ್ಕರೆ ಹುಟ್ಟಿದ್ದು ಅವರ ಮಗಳ ಮದುವೆಯಾದ ಮೇಲೆ. ಅಲ್ಲಿಯವರೆಗೂ ಆ ಕಾಲು ಅದೇ ಮನೆಯಲ್ಲಿ, ಅವರ ಕಣ್ಣ ಮುಂದೆಯೇ, ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು ಟಕ್ ಟಕ್ ಅಂತ ಓಡಾಡುತ್ತಿತ್ತು. ಕೂಸಾಗಿದ್ದಾಗ ಬಂದ ಪೋಲಿಯೋ. ತಿಪಟೂರಿಗೆ ಹೊಲಿಗೆ ಕಲಿಯಲು ಹೋಗುತ್ತೇನೆ, ಬಸ್ ಪಾಸಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಯಾರಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ನಾನು ವರ್ಷಗಟ್ಟಲೆ ಗೋಗರೆದಿದ್ದೆ. "ನೋಡಾನ ಬುಡವ್ವ, ಈ ಸಲದ ಕಾಯಿ ಇಳೀಲಿ," ಅನ್ನುತ್ತಿದ್ದರು ದೊಡ್ಡಪ್ಪ. ಕಾಯಿ ಇಳಿಯುತ್ತಿತ್ತು, ಅಟ್ಟ ಸೇರುತ್ತಿತ್ತು, ಅಟ್ಟದಲ್ಲೇ ಒಣಗಿ ಕೊಬ್ಬರಿಯಾಗಿ ಮಾರ್ಕೆಟ್ಟಿಗೂ ಹೋಗಿಬಿಡುತ್ತಿತ್ತು. ನಾನು ಮಾತ್ರ ಮನೆಯಲ್ಲೇ ಇದ್ದೆ. ಅಪ್ಪ ತನ್ನ ಅಣ್ಣನ ಎದುರು ಬಾಯಿ ಬಿಡುವ ಪೈಕಿಯಲ್ಲ.

ದೊಡ್ಡಪ್ಪನ ಮಗಳು, ನಮ್ಮ ಅಕ್ಕನನ್ನು ಕೊಟ್ಟಿದ್ದು ದಬ್ಬೇಘಟ್ಟದ ಕಡೆಗೆ. ಭಾವ ಮೊದಲ ಹಬ್ಬಕ್ಕೆ ಬಂದವರು ಊಟದ ಎಲೆಯ ಮುಂದೆ ಕೂತು, ಬೆಂಗಳೂರಿನ ಆಚೆ ಒಂದು ದೊಡ್ಡ ಪಾರ್ಕು ಇದೆಯಂತೆ, ನೀರಾಟವಂತೆ, ತಲೆಕೆಳಗಾಗಿ ತಿರುಗಿಸುವ ಆಟಗಳಂತೆ ಅಂದರು. ಅಷ್ಟೇ ಅಂದಿದ್ದು. ದೊಡ್ಡಪ್ಪ ಅಲ್ಲೇ ಹುಕುಂ ಹೊರಡಿಸಿದರು, ಮಿನಿ ಬಸ್ ಮಾಡಿಕೊಂಡು ಮನೆಮಂದಿಯೆಲ್ಲ ಹೋಗುವುದು ಅಂತ. ಆಮೇಲೆ ನಮ್ಮ ಕಡೆಯ ಬಿಳಿಗೆರೆಯಲ್ಲಿ ಯಾರೋ ಹೋಗಿಬಂದವರು ಹೇಳಿದರು, ಒಂದೊಂದು ಆಟಕ್ಕೂ ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬೇಕು ಅಂತ. ದೊಡ್ಡಪ್ಪನ ಮುಖ ಇಳಿದುಹೋಯಿತು.

"ಹೊಸ ಅಳಿಯಂದ್ರನ್ನ ಬಿಸಿಲಲ್ಲಿ ಸಾಲು ನಿಲ್ಸಕ್ಕಾಗ್ತದೇನೋ? ಬೀಗ್ರು ಕೇಳುದ್ರೆ ಏನಂದಾರು?" ಅಂತ ಅಪ್ಪನ ಹತ್ತಿರ ಹಲುಬಿದರು. ಹೊಸದಾಗಿ ಕೊಂಡಿದ್ದ ಮೊಬೈಲಿನಿಂದ ಆ ಪಾರ್ಕಿಗೇ ಫೋನು ಮಾಡಿ ಜೋರು ದನಿಯಲ್ಲಿ ವಿಚಾರಿಸಿದರು. ಸಾಲು ತಪ್ಪಿಸುವ ದಾರಿ ಇಲ್ಲ, ಅಂಗವಿಕಲರಿಗೆ ಮಾತ್ರ ಒಂದು ಪಾಸು ಕೊಡುತ್ತೇವೆ, ಅವರೂ ಅವರ ಜೊತೆಗೆ ಒಬ್ಬರೂ ನೇರ ಒಳಗೆ ಹೋಗಬಹುದು, ಡಾಕ್ಟರ ಸರ್ಟಿಫಿಕೇಟ್ ತನ್ನಿ ಅಂದರಂತೆ. ದೊಡ್ಡಪ್ಪ ಫೋನು ಇಟ್ಟರು. ಇಟ್ಟವರೇ ಜಗಲಿಯ ಮೇಲೆ ಕೂತಿದ್ದ ನನ್ನ ಕಾಲಿನ ಕಡೆ ನೋಡಿದರು. ಅಯ್ಯೋ ದೇವರೇ, ಹೆತ್ತ ಮಗುವನ್ನೂ ಯಾರೂ ಅಷ್ಟು ಪ್ರೀತಿಯಿಂದ ನೋಡಿರಲಿಕ್ಕಿಲ್ಲ!

ಮುಂದಿನ ವಾರವೇ ನಾನು ಆಸ್ಪತ್ರೆಯ ಮೇಜಿನ ಮೇಲಿದ್ದೆ. ಡಾಕ್ಟರಿಗೆ ಅಂತ ಒಂದು ಮೂಟೆ ಕಾಯಿಯೂ ನಮ್ಮ ಜೊತೆ ಬಂದಿತ್ತು. ಅವರು ಅದನ್ನು ಬಾಗಿಲಲ್ಲೇ ನಿಲ್ಲಿಸಿ, ನನ್ನ ಬೂಟು ಬಿಚ್ಚಿಸಿ, ಕಾಲು ಮಡಿಸಿ, ಎಳೆದು, ಟೇಪು ಹಿಡಿದು ಅಳೆದು "ನಲವತ್ತೈದು ಪರ್ಸೆಂಟ್" ಅಂದರು.

"ಏನ್ ಸಾರ್ ಇದು, ನಲವತ್ತೈದಕ್ಕೆ ಬುಡಕಾಗ್ತದಾ?" ಅಂದರು ದೊಡ್ಡಪ್ಪ. "ಅರವತ್ತಾದ್ರೂ ಹಾಕಿ. ಹುಡ್ಗಿ ಒಂದು ಮೆಟ್ಲು ಹತ್ತಲ್ಲ, ಒಂದು ಬಿಂದಿಗೆ ನೀರು ಸೇದಲ್ಲ."

"ಮನೆ ನೀರೆಲ್ಲ ನಾನೇ ಸೇದೋದು," ಅಂದೆ. ದೊಡ್ಡಪ್ಪ ನನ್ನ ತೋಳು ಹಿಂಡಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದೇನು ಕೊಬ್ಬರಿ ಹರಾಜು ಅಂದ್ಕೊಂಡ್ರೇನ್ರೀ? ಎಷ್ಟಿದೆಯೋ ಅಷ್ಟೇ ಬರೆಯೋದು."

"ಹೋಗ್ಲಿ, ಐವತ್ತೈದು ಮಾಡಿ."

ಬೆತ್ತಲೆ ಕಾಲು ಚಾಚಿಕೊಂಡು ನಾನು ಅಲ್ಲೇ ಕೂತಿದ್ದೆ. ಬಾಗಿಲಾಚೆ ಕಾಯುತ್ತಿದ್ದವರೆಲ್ಲ ಇಣುಕಿ ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಕೊನೆಗೆ ನಲವತ್ತೈದೇ ಆಯಿತು, ಅದರಲ್ಲೇ ಪಾಸು ಸಿಗುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ದೊಡ್ಡಪ್ಪ ಸುಮ್ಮನಾದರು. ಬಸ್ಸಿನಲ್ಲಿ ವಾಪಸು ಬರುವಾಗ, ಹಾಗಾದರೆ ನನ್ನ ಬಸ್ ಪಾಸಿಗೂ ಇದೇ ಸಾಕಲ್ಲ ಅಂದೆ. "ಮೊದ್ಲು ಪಾರ್ಕು ಮುಗೀಲಿ, ಆಮೇಲೆ ನೋಡಾನ," ಅಂದರು. ಸರ್ಟಿಫಿಕೇಟನ್ನು ನಾನು ಅವರ ಕೈಗೆ ಕೊಡಲಿಲ್ಲ, ನನ್ನ ಚೀಲದಲ್ಲೇ ಇಟ್ಟುಕೊಂಡೆ.

ನಾನು ಹೊರಟಿದ್ದಕ್ಕೆ ನನ್ನದೇ ಒಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಅಟ್ಟ ಹತ್ತದವಳು ನಾನೊಬ್ಬಳೇ. ಕಾಯಿ ತುಂಬಲು, ಕೊಬ್ಬರಿ ಒಣಗಿತೇ ಅಂತ ಆಡಿಸಿ ನೋಡಲು, ಬೆಕ್ಕು ಮರಿ ಹಾಕಿದರೆ ನೋಡಲು ಎಲ್ಲರೂ ಏಣಿ ಹತ್ತುತ್ತಾರೆ. ಬೂಟು ಏಣಿಗೆ ಹತ್ತುವುದಿಲ್ಲ, ಬೂಟು ಬಿಚ್ಚಿದರೆ ಕಾಲು ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ನಾನು ಎಲ್ಲವನ್ನೂ ಕೆಳಗಿನಿಂದಲೇ ನೋಡಿದವಳು. ಆ ಪಾರ್ಕಿನಲ್ಲಿ ಜೈಂಟ್ ವೀಲ್ ಇದೆ, ಕೂತರೆ ಸಾಕು, ಅದೇ ಮೇಲೆತ್ತುತ್ತದೆ ಅಂತ ಭಾವ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದಕ್ಕೆ ದೊಡ್ಡಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದೆ: "ನಾನು ಬತ್ತೀನಿ. ಆದ್ರೆ ಜಾಯಿಂಟ್ ವೀಲಲ್ಲಿ ನಾನೂ ಅವ್ವನೂ ಕೂರಬೇಕು."

"ಆಯ್ತು ಬುಡವ್ವ, ಅದೇನು ದೊಡ್ಡ ವಿಷ್ಯ," ಅಂದರು.

ಹೊರಟ ದಿನ ಅಪ್ಪ ದನ ನೋಡಿಕೊಳ್ಳಲು ಮನೆಯಲ್ಲೇ ಉಳಿದ. ದಾರಿಯುದ್ದಕ್ಕೂ ಪುಳಿಯೋಗರೆಯ ವಾಸನೆ, ಅಂತ್ಯಾಕ್ಷರಿ. ಪಾರ್ಕು ಹತ್ತಿರ ಬಂದಾಗ ದೊಡ್ಡಪ್ಪ ಮುಂದಿನ ಸೀಟಿನಿಂದ ತಿರುಗಿ, "ಗೇಟ್ ತಾವ ವಸಿ ಜಾಸ್ತಿ ಕುಂಟು ಕಣವ್ವ," ಅಂದರು.

"ಇರೋದು ಸಾಲ್ದಾ?" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಭಾವನೂ ನಕ್ಕರು. ಅವ್ವ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅಂಗವಿಕಲರಿಗೆ ಪಾಸು ಕೊಡುವ ಆಫೀಸು ಎಲ್ಲಿತ್ತು ಗೊತ್ತೇ? ಮಹಡಿಯ ಮೇಲೆ! ಅದನ್ನು ಯಾವ ಪುಣ್ಯಾತ್ಮ ಅಲ್ಲಿಟ್ಟನೋ. ಕಂಬಿ ಹಿಡಿದು, ದೂರ ಹೋಗುವಾಗ ಊರಿಕೊಳ್ಳುವ ಕಂಕುಳ ಕೋಲನ್ನು ಅವ್ವನ ಕೈಗೆ ಕೊಟ್ಟು, ಒಂದೊಂದೇ ಮೆಟ್ಟಿಲು ಕಾಲೆಳೆದುಕೊಂಡು ಹತ್ತಿದೆ. ಮೇಲಿದ್ದವನು ಸರ್ಟಿಫಿಕೇಟ್ ನೋಡಿ, ಜೆರಾಕ್ಸ್ ಎಲ್ಲಿ ಅಂದ. ಜೆರಾಕ್ಸ್ ಅಂಗಡಿ ಗೇಟಿನಾಚೆ, ರಸ್ತೆ ದಾಟಿ. ದೊಡ್ಡಪ್ಪ ಓಡಿದರು. ಅವರು ಬರುವಷ್ಟರಲ್ಲಿ, ಫೋಟೋ ಎಲ್ಲಿ ಅಂದ. ಮತ್ತೆ ಓಡಿದರು, ಈ ಸಲ ನನ್ನನ್ನೂ ಇಳಿಸಿಕೊಂಡು. ಫೋಟೋ ತೆಗೆಸಿ, ಅದು ಒಣಗುವವರೆಗೂ ಕಾದು ಮತ್ತೆ ಹತ್ತಿದೆ. ಆ ಮೆಟ್ಟಿಲು ಹತ್ತಬಲ್ಲವರಿಗೆ ಪಾಸೇ ಬೇಕಿಲ್ಲ ಅಂತ ಅವನ ಮುಖಕ್ಕೇ ಹೇಳಿದೆ. ಅವನು ಕಾರ್ಡು ತುಂಬಿಸತೊಡಗಿದ.

"ಜೊತೆಗಿರೋರು ಯಾರು?"

"ನಮ್ಮವ್ವ," ಅಂದೆ ನಾನು. "ನಮ್ಮ ಅಳಿಯಂದ್ರು," ಅಂದರು ದೊಡ್ಡಪ್ಪ. ಎರಡೂ ಒಟ್ಟಿಗೇ ಬಾಯಿಂದ ಬಂದವು.

"ಯಾರೋ ಒಬ್ರು ಕಣ್ರೀ, ಹಿಂದೆ ಜನ ಇದಾರೆ," ಅಂತ ಅವನು 'ಜೊತೆಗೆ ಒಬ್ಬರು' ಅಂತಷ್ಟೇ ಗೀಚಿ, ದಾರ ಕಟ್ಟಿದ ಹಳದಿ ಕಾರ್ಡನ್ನು ಮುಂದೆ ತಳ್ಳಿದ. ದೊಡ್ಡಪ್ಪ ಅದನ್ನು ನನ್ನ ಕೊರಳಿಗೆ ಹಾಕಿದರು.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಮೊದಲ ಆಟಕ್ಕೆ ನಾನೂ ಭಾವನೂ ಪಕ್ಕದ ಗೇಟಿನಿಂದ ಒಳಗೆ ಹೋದೆವು. ಸಾಲಿನಲ್ಲಿದ್ದವರು "ಪಾಪ" ಅಂದು ದಾರಿ ಬಿಟ್ಟರು. ಯಂತ್ರದ ಹತ್ತಿರ ನಿಂತಿದ್ದವನು ನನ್ನ ಬೂಟು ನೋಡಿ, "ಮೇಡಂ, ಕಬ್ಬಿಣ ಹಾಕ್ಕೊಂಡು ಇದ್ರಲ್ಲಿ ಕೂರೋ ಹಾಗಿಲ್ಲ. ನೀವು ಆಚೆ ಕೂತಿರಿ, ಜೊತೆಯವರು ಬೇಕಾದ್ರೆ ಹೋಗ್ಲಿ," ಅಂದ. ಭಾವ ಹೋದರು, ಕೂಗಾಡಿ, ಕೆಂಪಗಾಗಿ, ನಗುತ್ತ ಇಳಿದು ಬಂದರು. ಎರಡನೆಯ ಆಟಕ್ಕೂ ಹಾಗೇ. ಮೂರನೆಯದಕ್ಕೆ ಭಾವ, ಅಕ್ಕನೂ ಬರಲಿ ಅಂದರು. ಅವರನ್ನು ಒಳಗೆ ಬಿಟ್ಟು ನಾನು ಹೊರಗೆ ಬಂದು ಅಕ್ಕನನ್ನು ಕರೆದುಕೊಂಡು ಮತ್ತೆ ಹೋದೆ. ಅದನ್ನು ನೋಡಿದ ಚಿಕ್ಕಮ್ಮ, "ನಾನೇನು ಪಾಪ ಮಾಡಿದ್ನೇ?" ಅಂದಳು. ಚಿಕ್ಕಮ್ಮನಾದ ಮೇಲೆ ದೊಡ್ಡಪ್ಪ. ಮನೆಮಂದಿಯೆಲ್ಲ ಸರದಿಯ ಮೇಲೆ ನನ್ನ ಜೊತೆಯವರಾದರು. ಆಟದ ಗೇಟಿನವರೆಗೆ ನಾನು ಬೇಕು, ಗೇಟು ದಾಟಿದ ಮೇಲೆ ಬೇಡ. ಆಮೇಲೆ ಸಿಮೆಂಟು ಬೆಂಚಿನ ಮೇಲೆ ಅವ್ವನ ಪಕ್ಕ ಕೂತು ಎಲ್ಲರ ವಾಚು, ಪರ್ಸು, ಒದ್ದೆ ಟವೆಲ್ಲು, ಚಪ್ಪಲಿ ಕಾಯುವುದು.

"ಈಗ ಜಾಯಿಂಟ್ ವೀಲ್," ಅನ್ನುತ್ತಿದ್ದೆ ನಾನು ಪ್ರತಿ ಸಲ.

"ಇರೇ, ಅದೇನು ಓಡೋಗ್ತದಾ?" ಅನ್ನುತ್ತಿದ್ದರು ದೊಡ್ಡಪ್ಪ.

ಊಟವಾದ ಮೇಲೆ ಕಾಲು ಊದಿ ಬೂಟಿನ ಪಟ್ಟಿ ಕಚ್ಚತೊಡಗಿತು. ದೊಡ್ಡಪ್ಪ ಬಂದು, "ನೀನ್ಯಾಕವ್ವ ಅಷ್ಟು ದೂರ ನಡೀತೀಯ, ಕಾರ್ಡು ಕೊಡು, ತೋರ್ಸಿಕೊಂಡು ಬತ್ತೀವಿ. ಬಂದ ತಕ್ಷಣ ನಿನ್ನ ಚಕ್ರ," ಅಂತ ನಾನು ಹೂಂ ಅನ್ನುವುದಕ್ಕೂ ಮೊದಲೇ ದಾರವನ್ನು ನನ್ನ ತಲೆಯ ಮೇಲಿಂದ ತೆಗೆದುಕೊಂಡು ಭಾವನ ಜೊತೆ ಹೋದರು. ಹೋದವರ ಪತ್ತೆಯೇ ಇಲ್ಲ. ಬಿಸಿಲು ವಾಲತೊಡಗಿದಾಗ ಬರಿಗೈಯಲ್ಲಿ ಬಂದರು. ಭಾವನ ಮುಖ ಸಪ್ಪಗಿತ್ತು.

"ಕಾರ್ಡೆಲ್ಲಿ?"

"ಸೆಕ್ಯೂರಿಟಿಯೋನು ಕಿತ್ಕಂಡ ಕಣೇ," ಅಂದರು ದೊಡ್ಡಪ್ಪ.

"ಯಾಕೆ?"

ಬಾಯಿ ಬಿಡಿಸುವಷ್ಟರಲ್ಲಿ ಸಾಕಾಯಿತು. ಅಂಗವಿಕಲರು ಯಾರು ಅಂತ ಗೇಟಿನವನು ಕೇಳಿದನಂತೆ. ಭಾವ ಕುಂಟಿದರಂತೆ! ಚೆನ್ನಾಗಿಯೇ ಕುಂಟಿದರಂತೆ, ಅವನು ಬಿಟ್ಟೂ ಬಿಟ್ಟನಂತೆ. ಒಳಗೆ ಹೋದ ಖುಷಿಗೆ ಭಾವ ಆಟದ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಹತ್ತಿದ್ದಾರೆ. ಅಲ್ಲಿಗೆ ಕಾರ್ಡು ಹೋಯಿತು.

ನನಗೆ ಅಳು ಬರಲಿಲ್ಲ, ಕೋಲೆತ್ತಿ ಬಾರಿಸಬೇಕು ಅನ್ನಿಸಿತು. ಹೊಸ ಅಳಿಯ ಅಂತ ಬಿಟ್ಟೆ. ಅವ್ವನನ್ನು ಎಬ್ಬಿಸಿಕೊಂಡು ನೇರ ಜೈಂಟ್ ವೀಲಿನ ಹತ್ತಿರ ಹೋದೆ. ಪಕ್ಕದ ಗೇಟಿನವನು ಅಡ್ಡ ಬಂದ.

"ಪಾಸು?"

"ಇಲ್ಲ. ಕಾಲು ಕಾಣಲ್ವಾ?"

"ಕಾಲು ಕಾಣ್ತದೆ ಮೇಡಂ, ಪಾಸು ಕಾಣ್ತಿಲ್ಲ."

ಚೀಲದಿಂದ ಸರ್ಟಿಫಿಕೇಟ್ ತೆಗೆದು ತೋರಿಸಿದೆ. ಇದು ನನಗೆ ಬೇಡ, ಆಫೀಸಿಗೆ ಹೋಗಿ ಬೇರೆ ಕಾರ್ಡು ಮಾಡಿಸಿ ಅಂದ. ಆಫೀಸು ಮಹಡಿಯ ಮೇಲೆ. ಅದೂ ಈಗ ಮುಚ್ಚಿರುತ್ತದೆ ಅಂತ ಅವನೇ ಸೇರಿಸಿದ. ಇಡೀ ದಿನ ನನ್ನ ಕಾಲು ತೋರಿಸಿ ಗಟ್ಟಿ ಕಾಲಿನವರೆಲ್ಲ ಒಳಗೆ ಹೋಗಿ ಬಂದಿದ್ದರು. ಈಗ ಆ ಕಾಲೇ ಬಂದು ನಿಂತರೆ ಯಾರಿಗೂ ಬೇಡ. "ಇದ್ರಲ್ಲಿ ಕಬ್ಬಿಣದ ಬೂಟು ಹಾಕ್ಕೊಂಡು ಕೂರಬಹುದಾ?" ಅಂತ ಕೇಳಿದೆ. "ಧಾರಾಳವಾಗಿ. ಲೈನಲ್ಲಿ ಬನ್ನಿ," ಅಂದ.

ಲೈನಿಗೆ ಹೋಗಿ ನಿಂತೆವು. ಉದ್ದಕ್ಕೆ ಹಾವಿನ ಹಾಗೆ ಸುತ್ತಿಕೊಂಡಿದ್ದ ಸಾಲು. ದೊಡ್ಡಪ್ಪ ಹಿಂದೆಯೇ ಬಂದರು.

"ಹಠ ಮಾಡಬ್ಯಾಡ ಕಣೇ, ಡ್ರೈವರು ಬೈತಾವ್ನೆ. ಮುಂದಿನ ಸಲ ಬಂದಾಗ ನೋಡಾನ."

"ನೋಡಾನ ನೋಡಾನ ಅಂತ ನೀವು ನೋಡಿದ್ದು ಸಾಕು ದೊಡ್ಡಪ್ಪ," ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಬಸ್ ಪಾಸಿಗೆ ಅಂದ್ರೆ ವರ್ಷಗಟ್ಲೆ ನಿಮಗೆ ಪುರುಸೊತ್ತಿರ್ಲಿಲ್ಲ. ಅಳಿಯಂದ್ರ ಆಟಕ್ಕೆ ಅಂದ್ರೆ ಒಂದೇ ವಾರಕ್ಕೆ ಪುರುಸೊತ್ತಾಯ್ತಲ್ಲ! ನಾವು ಬರಲ್ಲ. ಬೇಕಾದ್ರೆ ಬಿಟ್ಟು ಹೋಗಿ."

ಸಾಲಿನವರೆಲ್ಲ ತಿರುಗಿ ನೋಡಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು, ಆದರೆ ಸುಮ್ಮನಿರು ಅಂತ ಮಾತ್ರ ಅನ್ನಲಿಲ್ಲ. ದೊಡ್ಡಪ್ಪ ಏನೋ ಗೊಣಗಿಕೊಂಡು ಬಸ್ಸಿನ ಕಡೆ ಹೋದರು. ಮುಂದಿದ್ದ ಹೆಂಗಸೊಬ್ಬಳು, "ಪಾಪ, ನೀವು ಮುಂದೆ ಹೋಗಮ್ಮ," ಅಂದಳು. ಅವಳ ತಪ್ಪೇನಿಲ್ಲ, ಆದರೆ ಆ ದಿನ ಆ 'ಪಾಪ' ಕೇಳಿ ಕೇಳಿ ನನಗೆ ತಲೆ ಕೆಟ್ಟಿತ್ತು. ಬೇಡ ಅಂದೆ. ಅವ್ವ ಚಿವುಟಿದಳು. ಆದರೂ ಬೇಡ ಅಂದೆ. ಕಂಬಿಗೆ ಒರಗಿ, ಕಾಲು ಬದಲಾಯಿಸಲಾಗದೆ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತೆ.

ನಮ್ಮ ಸರದಿ ಬಂತು. ಯಾರೂ ಏನೂ ಕೇಳಲಿಲ್ಲ, ಕೂತೆವು, ಚಕ್ರ ಎತ್ತಿತು. ತುದಿಯಲ್ಲಿ ಒಂದು ಗಳಿಗೆ ನಿಂತಿತು. ನಾನು ದಿನವಿಡೀ ಕೂತಿದ್ದ ಬೆಂಚು ಕೆಳಗೆ ಕಂಡಿತು. ಅದರ ಮೇಲೆ ಯಾರೂ ಇರಲಿಲ್ಲ. ಅದರಾಚೆ ಗೇಟು, ಅದರಾಚೆ ನಮ್ಮ ಬಸ್ಸು, ಅದರ ಪಕ್ಕದಲ್ಲಿ ಚಿಕ್ಕಚಿಕ್ಕದಾಗಿ ನಮ್ಮ ಮನೆಯವರೆಲ್ಲ. ನಮ್ಮವರ ನೆತ್ತಿಯನ್ನು ನಾನು ನೋಡಿದ್ದು ಅದೇ ಮೊದಲು. ಗಾಳಿ ಮುಖಕ್ಕೆ ಬೀಸುತ್ತಿತ್ತು. ನನಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಅವ್ವನಿಗೆ ತೋರಿಸೋಣ ಅಂತ ತಿರುಗಿದರೆ, ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹಿಡಿಯಲು ಕಂಬಿ ಇದ್ದರೂ ನನ್ನ ಬೂಟಿನ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಇಳಿದ ಮೇಲೆ ಅವಳು ಸೆರಗು ಸರಿಮಾಡಿಕೊಂಡು, ಸುತ್ತ ನೋಡಿ, ಮೆಲ್ಲಗೆ ಅಂದಳು: "ಭಯಕ್ಕೆ ಕಣ್ಣೇ ಬುಡ್ಲಿಲ್ಲ ಕಣೇ. ಏನೂ ನೋಡ್ಲಿಲ್ಲ ನಾನು."

ಕಾಲು ಕೆಂಡದಂತೆ ಉರಿಯುತ್ತಿತ್ತು. "ಬಾ," ಅಂದೆ. ಸಾಲಿನ ಬಾಲಕ್ಕೆ ಹೋಗಿ ಮತ್ತೆ ನಿಂತೆವು.

ಅರ್ಧ ದಾರಿಯಲ್ಲಿದ್ದಾಗ ದೊಡ್ಡಪ್ಪ ಏದುಸಿರು ಬಿಡುತ್ತ ಓಡಿ ಬಂದರು. "ಮತ್ಯಾಕೆ ನಿಂತ್ರೇ? ಡ್ರೈವರು ಬಸ್ಸಿಗೆ ಬೀಗ ಜಡ್ಕಂಡು ಟೀಗೆ ಹೋಗವ್ನೆ. ಅಳಿಯಂದ್ರು ಬಿಸಿಲಲ್ಲಿ ನಿಂತವ್ರೆ ಕಣೇ!"

"ನಿಂತ್ಕಳ್ಳಿ ಬುಡಿ ದೊಡ್ಡಪ್ಪ," ಅಂದೆ. "ಅವರ ಕಾಲು ಗಟ್ಟಿಯಾಗವೆ."

ಅಂದು, ಕೋಲು ಊರಿ, ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದೆ.