ಅಜ್ಜನ ಟ್ರ್ಯಾಕ್ಟರಿನ ದನಿ

ಅಣ್ಣಾ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಕೆಳಗಿನ ಜನರೇಟರ್ ಕೆಮ್ಮಿಕೊಂಡು ಎದ್ದು, ಲಿಫ್ಟಿನ ಸಂದಿಯಿಂದ ಡೀಸೆಲ್ ಹೊಗೆಯನ್ನು ನಮ್ಮ ಮಹಡಿಗೂ ತೂರಿಸುತ್ತದೆ. ಮಿಕ್ಕವರೆಲ್ಲ ದಡಬಡ ಕಿಟಕಿ ಮುಚ್ಚಿಕೊಂಡರೆ ನಾನು ಬಾಗಿಲು ತೆಗೆದು ನಿಂತು ಮೂಗರಳಿಸುತ್ತೇನೆ. ಎದುರುಮನೆಯ ಮಾಮಿಗೆ ನನ್ನ ತಲೆಯ ಬಗ್ಗೆ ಏನೋ ಅನುಮಾನ ಬಂದಿದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡುವ ರೀತಿಯನ್ನು ನಾನು ಆಗಲೇ ಕಲಿತು ಮನೆಯಲ್ಲಿ ಎರಡು ಸಲ ಆಡಿ ತೋರಿಸಿದ್ದೂ ಆಗಿದೆ. ಪಾಪ, ಅವರಿಗೇನು ಗೊತ್ತು? ಆ ಹೊಗೆಯೊಳಗೆ ಪೆರಂಬೂರಿನ ನಮ್ಮ ಹಿತ್ತಲಿದೆ. ಒದ್ದೆ ಮಣ್ಣು, ಉದುರಿದ ತೆಂಗಿನ ಗರಿ, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಕಬ್ಬಿಣದ ಸಾಮಾನು, ಇವೆಲ್ಲದರ ನಡುವೆ ಲುಂಗಿ ಮೇಲೆ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತ ನಮ್ಮಜ್ಜ ಇದ್ದಾನೆ.

ಅಜ್ಜ ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದು ಇಲ್ಲೇ ಉಳಿದವನು. ಊರು ಬಿಟ್ಟು ಎಷ್ಟು ಕಾಲವಾದರೂ ಅವನ ಮಾತು ಹುಬ್ಬಳ್ಳಿ ಸ್ಟೇಷನ್ ಬಿಟ್ಟು ಹೊರಟಿರಲಿಲ್ಲ. ನನ್ನ ಕನ್ನಡವೋ ಆಗ ಇಡ್ಲಿಯ ಮೇಲೆ ಪುಡಿ ಉದುರಿಸಿದ ಹಾಗೆ, ಅಷ್ಟಷ್ಟೇ. ಅವನು ಕನ್ನಡದಲ್ಲಿ ಬೈದರೆ ನಾನು ತಮಿಳಲ್ಲಿ ಎದುರು ಮಾತಾಡುತ್ತಿದ್ದೆ. ಆದರೆ ಬಾಯಿ ಮಾತ್ರ ನನ್ನದು ಸುಮ್ಮನಿರುತ್ತಿರಲಿಲ್ಲ. ಕಾಕಾ ಆಕಳಿಸುವುದು, ಅವನ ಹೆಂಡತಿ ಕಾಕೂ ಫೋನಿನಲ್ಲಿ ತವರಿನವರ ಜೊತೆ ಕೊಸರಾಡುವುದು, ಕುಕ್ಕರು ಸೀಟಿ ಹಾಕುವ ಮುಂಚೆ ಗೊಣಗುವುದು, ಎಲ್ಲವನ್ನೂ ನಾನು ಮಾಡುತ್ತಿದ್ದೆ. ಅಜ್ಜಿ ನನಗೆ ಇಟ್ಟ ಹೆಸರು ಮಂಗ್ಯಾ. ಹೆಸರಿಗೆ ನಾನು ಎಂದೂ ಅನ್ಯಾಯ ಮಾಡಲಿಲ್ಲ.

ಅಜ್ಜನ ಕೆಲಸ ಏನಾಗಿತ್ತೆಂದರೆ, ನಿಂತ ರೈಲಿನ ಪಕ್ಕ ಉದ್ದ ಹಿಡಿಯ ಸುತ್ತಿಗೆ ಹಿಡಿದು ನಡೆಯುತ್ತ ಒಂದೊಂದೇ ಚಕ್ರಕ್ಕೆ ತಟ್ಟುವುದು. ಗಟ್ಟಿ ಚಕ್ರ ಗಂಟೆಯ ಹಾಗೆ ಹಾಡುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಗೊಣಗುತ್ತದೆ. ಕಿವಿಯೇ ಅವನ ಅನ್ನ. ನಿವೃತ್ತಿಯಾದ ಮೇಲೂ ಆ ಚಟ ಬಿಡಲಿಲ್ಲ. ಮಡಕೆ, ಕೊಡ, ಕಲ್ಲಂಗಡಿ, ನನ್ನ ತಲೆ, ಎಲ್ಲವನ್ನೂ ತಟ್ಟಿ ನೋಡಿಯೇ ತೀರ್ಪು ಕೊಡುತ್ತಿದ್ದ. ನನ್ನ ತಲೆಯ ಬಗ್ಗೆ "ಖಾಲಿ ಐತಿ" ಎಂಬ ತೀರ್ಪು ಕೊನೆಯವರೆಗೂ ಬದಲಾಗಲಿಲ್ಲ. ಹಬ್ಬಕ್ಕೆ ತೆಂಗಿನಕಾಯಿ ಆರಿಸುವುದು ಅವನದೇ ಹಕ್ಕು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, "ಇದು ಛಲೋ ಐತಿ" ಎಂದು ಅಜ್ಜಿಯ ಕೈಗಿಡುವನು. ಒಳಗೆ ಹೋಗಿ ಒಡೆದರೆ ಕಾಯಿ ಕೊಳೆತಿರುತ್ತಿತ್ತು. ಅಜ್ಜಿ ಸದ್ದಿಲ್ಲದೆ ಅದನ್ನು ಬೂದಿಗುಂಡಿಗೆ ಹಾಕಿ, ಮೊದಲೇ ಅಡಗಿಸಿಟ್ಟ ಇನ್ನೊಂದನ್ನು ಒಡೆಯುತ್ತಿದ್ದಳು. ಅಡುಗೆಮನೆಯಲ್ಲಿ ಅದನ್ನು ನೋಡಿದವರೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಅಜ್ಜನ ಕಿವಿ ಹೋಗಿತ್ತು, ಹೋದದ್ದು ಅವನಿಗೊಬ್ಬನಿಗೆ ತಿಳಿಯಬಾರದಿತ್ತು. ಇದು ಯಾರೂ ಕೂತು ಮಾತಾಡಿ ಮಾಡಿದ ಕರಾರಲ್ಲ. ಮನೆಗಳಲ್ಲಿ ಇಂಥವು ತಾವಾಗಿಯೇ ಆಗಿಬಿಡುತ್ತವೆ.

ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರ್ ಬಂತು. ಪೊನ್ನೇರಿ ಕಡೆ ಅಜ್ಜನ ಹಳೆಯ ಗೆಳೆಯರೊಬ್ಬರ ಹೊಲ ಸೈಟುಗಳಾಗಿ, ಹುಣಸೆಮರದ ಕೆಳಗೆ ಅನಾಥವಾಗಿ ನಿಂತಿದ್ದ ಗಾಡಿ. ಲಾರಿಯಿಂದ ಇಳಿಸಿದಾಗ ಅದರ ಸೀಟಿನಲ್ಲಿ ಕೋಳಿ ಗೂಡು ಮಾಡಿದ್ದ ಗುರುತಿತ್ತು. "ಬ್ಯಾಸಿಗ್ಯಾಗ ಬೀದಿ ತುದಿಯಿಂದ ನೀರಿನ ಡ್ರಮ್ ತರಾಕ ಆಗತೈತಿ, ಹಿತ್ತಲ ಕಸ ಎಳಿಯಾಕ ಆಗತೈತಿ" ಎಂದ ಅಜ್ಜ. "ಎರಡು ಡ್ರಮ್ ನೀರಿಗೆ ಟ್ರ್ಯಾಕ್ಟರ್ ಬೇಕೇನ್ರಿ? ನಾಳೆ ಕೊತ್ತಂಬರಿ ತರಾಕ ರೈಲ ಇಂಜಿನ್ ತರ್ತೀರೇನು?" ಎಂದಳು ಅಜ್ಜಿ. ಬೈದಳು, ಆದರೆ ರೇಡಿಯೇಟರಿನ ಹಿತ್ತಾಳೆ ತಿಕ್ಕಲು ಪಾತ್ರೆ ತುಂಬ ಹುಣಸೆಹುಳಿ ಕಿವುಚಿ ಕೊಟ್ಟವಳೂ ಅವಳೇ.

ಆ ಚಳಿಗಾಲವೆಲ್ಲ ಹಿತ್ತಲು ನಮ್ಮ ಪಾಲಿಗೆ ವರ್ಕ್‌ಶಾಪಾಯಿತು. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ನುಗಳಿಗೆ ಅಜ್ಜ ಎಣ್ಣೆ ಕುಡಿಸಿ, ದಿನವೂ ಬೆಳಿಗ್ಗೆ ಕೂಸಿನ ಜ್ವರ ನೋಡುವವನ ಹಾಗೆ ಹೋಗಿ ನೋಡುತ್ತಿದ್ದ. ಡೀಸೆಲ್ ಟ್ಯಾಂಕಿಗೆ ಸಣ್ಣ ಕಲ್ಲು ಹಾಕಿ ಕಾಕಾ ಮತ್ತು ನಾನು ಎರಡೂ ಕಡೆ ಹಿಡಿದು ಅಲ್ಲಾಡಿಸಿದರೆ ಒಳಗಿನ ತುಕ್ಕು ಅಡಿಕೆಪುಡಿಯ ಹಾಗೆ ಉದುರುತ್ತಿತ್ತು. ಬಣ್ಣಕ್ಕೆ ಅಜ್ಜ ಆರಿಸಿದ್ದು ಹಳೆಯ ರೈಲು ಡಬ್ಬಿಯ ಕಡುಗೆಂಪು. ಗೋಡೆಯಾಚೆಯಿಂದ ಇಣುಕಿದ ಇಸ್ತ್ರಿ ಅಂಗಡಿಯವನು "ಎನ್ನ ತಾತಾ, ಟ್ರೈನ್ ವಿಡಪೋರೀಂಗಳಾ?" ಎಂದ, ರೈಲು ಬಿಡ್ತೀರಾ ಅಂತ. "ಆಮಾಪ್ಪಾ, ಟಿಕೆಟ್ ಎಡುತ್ತುಟ್ಟು ವಾ", ಹೌದಪ್ಪಾ, ಟಿಕೆಟ್ ತಗೊಂಡು ಬಾ, ಎಂದು ಅಜ್ಜನ ದನಿಯಲ್ಲಿ ಉತ್ತರ ಕೊಟ್ಟವನು ನಾನು. ಒಂದೊಂದು ಬೋಲ್ಟು ಬಿಗಿದ ಮೇಲೂ ಅಜ್ಜ ಸಣ್ಣ ಸುತ್ತಿಗೆಯಿಂದ ತಟ್ಟಿ, ತಲೆ ವಾಲಿಸಿ ಕೇಳಿ, ಸರಿ ಎಂದು ಮುಂದಕ್ಕೆ ಹೋಗುತ್ತಿದ್ದ. ರೈಲ್ವೆಯ ಅಭ್ಯಾಸ. ಅದನ್ನು ನೋಡುವಾಗ ಕಾಕಾನ ಮುಖ ಸಪ್ಪಗಾಗುತ್ತಿತ್ತು.

ಗಾಡಿ ಶುರುವಾದ ದಿನ ಭಾನುವಾರ. ಒಮ್ಮೆ ಕಪ್ಪು ಹೊಗೆ ಉಗುಳಿ, ಎರಡು ಸಲ ಸತ್ತು, ಮೂರನೆಯ ಸಲ ಎದ್ದಿತು. ಡುಗುಡುಗು ಡುಗುಡುಗು ಎಂದು ಹಿತ್ತಲಿನ ನೆಲವೇ ನಡುಗಿತು. ನನ್ನ ತಂಗಿಯರು ಹಿಂದೆ ಕಟ್ಟಿದ್ದ ಟ್ರೈಲರಿಗೆ ಹತ್ತಿ ಕೂತೇಬಿಟ್ಟರು. ಆದರೆ ಆ ಡುಗುಡುಗಿನ ಒಳಗೆ ಇನ್ನೊಂದು ದನಿಯಿತ್ತು. ಒಣಗಿದ, ಗಟ್ಟಿಯಾದ ಒಂದು "ಟಣ್". ತಟ್ಟೆಯ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಎಲ್ಲರಿಗೂ ಕೇಳಿಸಿತು, ಇಂಜಿನ್ನಿನ ಮೇಲೆ ಬಗ್ಗಿ ನಿಂತಿದ್ದ ಅಜ್ಜನೊಬ್ಬನನ್ನು ಬಿಟ್ಟು.

"ಹೆಂಗೈತಿ?" ಎಂದ ಅಜ್ಜ.

"ಭಾರಿ ಐತಿ ಅಪ್ಪಾ" ಎಂದ ಕಾಕಾ. "ಸೂಪರಾ ಓಡ್ತಿದೆ ಮಾವಾ, ಬೆಣ್ಣೆ ಮಾದರಿ" ಎಂದಳು ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕಾಕೂ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅಜ್ಜ ಒಬ್ಬೊಬ್ಬರ ಮುಖವನ್ನೂ ನೋಡಿದ. ಚಕ್ರ ತಟ್ಟುತ್ತ ಬರುವವನ ಹಾಗೆ ನಿಧಾನವಾಗಿ ನೋಡುತ್ತ ಬಂದು ನನ್ನ ಹತ್ತಿರ ನಿಂತ. "ಮಂಗ್ಯಾ, ಬಾ ಇಲ್ಲಿ. ಗಾಡಿ ಹೆಂಗ ಒದರಾಕತ್ತೈತಿ, ಹಂಗ ಒದರಿ ತೋರಸು" ಎಂದು ಅರದ ಹಾಗೆ ಒರಟಾಗಿದ್ದ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟ.

ಅವನ ಬೆನ್ನ ಹಿಂದೆ ಕಾಕಾ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಕಾಕೂ ತುಟಿಯ ಮೇಲೆ ಬೆರಳಿಟ್ಟಿದ್ದಳು. ನಾನು ಟಣ್ ಅಂದರೆ ಅಜ್ಜನ ಕಿವಿಯ ಮಾನ ಹೋಗುತ್ತದೆ; ಅನ್ನದಿದ್ದರೆ ತಂಗಿಯರನ್ನು ಕೂರಿಸಿಕೊಂಡು ಅವನು ಆ ಗಾಡಿಯನ್ನು ಬೀದಿಗೆ ಇಳಿಸುತ್ತಾನೆ. ಇಷ್ಟೆಲ್ಲ ತೂಗಿ ನೋಡಿದೆ ಎಂದು ಹೇಳಿಕೊಂಡರೆ ದೊಡ್ಡಸ್ತಿಕೆಯಾದೀತು. ನಿಜ ಹೇಳಬೇಕೆಂದರೆ, ಇರುವ ದನಿಯನ್ನು ಬಿಟ್ಟು ಇಲ್ಲದ ದನಿ ಮಾಡುವುದು ನನ್ನ ಕಸುಬಿಗೇ ಅವಮಾನ ಅನ್ನಿಸಿತು. ಕೆನ್ನೆ ಉಬ್ಬಿಸಿ ಶುರುಮಾಡಿದೆ. ಡುಗುಡುಗು ಟಣ್. ಡುಗುಡುಗು ಟಣ್.

ಗಂಟಲ ಮೇಲಿನ ಕೈ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ಅಜ್ಜ ಹೋಗಿ ಇಂಜಿನ್ ನಿಲ್ಲಿಸಿದ. ಅವನು ಮಡ್‌ಗಾರ್ಡಿನ ಮೇಲೆ ಕೂತು ಎಷ್ಟೋ ಹೊತ್ತು ಕೈ ಒರೆಸಿಕೊಂಡ. ಕೊನೆಗೆ ಅಜ್ಜಿಯ ಕಡೆ ತಿರುಗಿ ಕೇಳಿದ: "ತೆಂಗಿನಕಾಯಿ ಎಷ್ಟ ದಿವಸದಿಂದ ನಡದೈತಿ?"

ಅಜ್ಜಿ ನೆಲ ನೋಡುತ್ತ, "ಮೂರು ಯುಗಾದಿ ಆದವು" ಎಂದಳು.

"ಅಷ್ಟೂ ಕೆಟ್ಟಿದ್ದವೇನು?"

"ಒಂದೆರಡು ಛಲೋ ಇದ್ದವು" ಎಂದಳು. ಅಜ್ಜ ನಕ್ಕುಬಿಟ್ಟ. ಕಾಕೂ ಅಳುತ್ತಿದ್ದಳು; ಅವಳನ್ನು ಅಣಕಿಸಲು ನನಗೆ ಅವತ್ತೊಂದು ದಿನ ಮನಸ್ಸು ಬರಲಿಲ್ಲ.

ಮರುದಿನ ಇಂಜಿನ್ನಿನ ಹೊಟ್ಟೆ ಬಿಚ್ಚಿದರೆ ಒಳಗೆ ಒಂದು ಬೋಲ್ಟು ಸಡಿಲಾಗಿತ್ತು. ತಟ್ಟಿ ಕೇಳಿ ಸರಿ ಎಂದು ಬಿಟ್ಟದ್ದು. ಹಾಗೇ ಓಡಿಸಿದ್ದರೆ ಪಿಸ್ಟನ್ನಿನ ರಾಡು ಇಂಜಿನ್ನನ್ನು ಸೀಳಿಕೊಂಡು ಹೊರಗೆ ಬರುತ್ತಿತ್ತೆಂದು ಅವನೇ ಹೇಳಿದ. ಅಲ್ಲಿಂದ ಮುಂದೆ ಬಿಗಿಯುವುದು ಅವನು, ಕೇಳಿ ಹೇಳುವುದು ನಾನು. ಆ ಬೇಸಿಗೆಯೆಲ್ಲ ಕೆಂಪು ಟ್ರ್ಯಾಕ್ಟರ್ ಡ್ರಮ್ಮುಗಳನ್ನು ಕುಲುಕಿಸುತ್ತ ಬೀದಿಯಲ್ಲಿ ಬರುತ್ತಿದ್ದರೆ, ಕೊಡ ಹಿಡಿದ ಹೆಂಗಸರು ಸಾಲಾಗಿ ನಿಂತಿರುತ್ತಿದ್ದರು. ನಮ್ಮ ಮನೆಗೆಂದು ತಂದ ನೀರು ನಮ್ಮ ಮನೆಗೆ ಮುಟ್ಟುವಷ್ಟರಲ್ಲಿ ಅರ್ಧವಾಗಿರುತ್ತಿತ್ತು.

ಈಗ ಆ ಹಿತ್ತಲಿಲ್ಲ. ಅಜ್ಜ ಹೋದ ಮೇಲೆ ಮನೆ ಕೆಡವಿ ಕಟ್ಟಿದ ಕಟ್ಟಡದ ಕೆಳಗೆ ಕಾರುಗಳು ನಿಲ್ಲುತ್ತವೆ. ಟ್ರ್ಯಾಕ್ಟರನ್ನು ಗಿಡದ ನರ್ಸರಿಯವರೊಬ್ಬರು ಒಯ್ದರು. ಅಜ್ಜಿ ನಮ್ಮ ಜೊತೆ ಇದ್ದಾಳೆ. ಮೊನ್ನೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಬೇಸರ ಕಳೆಯಲೆಂದು ಅಜ್ಜನ ದನಿ ತೆಗೆದು, ಬೀದಿಗೆಲ್ಲ ಕೇಳಿಸುವ ಹಾಗೆ, ಚಹಾ ಕೇಳಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿ, "ಹೌದು, ಹಂಗ ಒದರ್ತಿದ್ರು. ಆದರ ಅದು ಕಿವಿ ಹೋದ ಮ್ಯಾಲಿನ ದನಿ, ಮಂಗ್ಯಾ" ಎಂದಳು. "ಮದಲ ಅವರು ಅಷ್ಟು ಸಣ್ಣಾಗಿ ಮಾತಾಡ್ತಿದ್ರು, ನಾ ಒಲಿ ಬಿಟ್ಟು ಎದ್ದು ಹತ್ರ ಹೋಗಿ ಕೇಳಬೇಕಾಗ್ತಿತ್ತು."

ಇಡೀ ಮನೆಯೇ ನನ್ನ ಗಂಟಲಲ್ಲಿದೆ ಎಂದು ನಾನು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ. "ಹೆಂಗಿತ್ತು ಅಜ್ಜಿ, ಒಮ್ಮೆ ಮಾಡಿ ತೋರಿಸು" ಎಂದೆ.

ಅವಳು ನಾಚಿಕೊಂಡಳು. ಆಮೇಲೆ ತುಟಿ ಅಲುಗಿಸಿ ಏನೋ ಅಂದಳು. ನಾನು ಹತ್ತಿರ ಬಗ್ಗುವಷ್ಟರಲ್ಲಿ ಅದು ಮುಗಿದುಹೋಗಿತ್ತು.