ತಂಗಳು ನೈವೇದ್ಯ

ನನ್ನ ಓರಗಿತ್ತಿ ಆದಿಲಕ್ಷ್ಮಮ್ಮ ಒಳ್ಳೆಯವಳು. ಇದನ್ನು ಹೇಳುವಾಗಲೂ ನನಗೆ ಹೊಟ್ಟೆಯುರಿ. ವೆಂಕಟಲಕ್ಷ್ಮಿ ಎಂಬ ನಾನು ಹೊಸೂರು ಕಡೆಯ ತಳಿ ಪೇಟೆಯ ಆಚೆಯ ಈ ಊರಿಗೆ ಕಿರಿ ಸೊಸೆಯಾಗಿ ಬಂದಾಗಿನಿಂದ ಎಲ್ಲರ ಬಾಯಲ್ಲೂ ಅವಳದೇ ಹೆಸರು. ಅತ್ತೆ ಸಾಯುವವರೆಗೂ ಕಾಲು ಒತ್ತಿದವಳು ಅವಳು, ಕೋಸಿನ ತೋಟಕ್ಕೆ ಆನೆ ನುಗ್ಗಿದರೆ ತಮಟೆ ಹಿಡಿದು ಓಡಿದವಳೂ ಅವಳೇ. ಊಟಕ್ಕೆ ಮಾತ್ರ ಕೊನೆಗೆ ಕೂರುವಳು.

ನಮ್ಮ ಮನೆಯಲ್ಲಿ ಮುದ್ದೆ ಕಟ್ಟಿದ ಹೆಂಗಸು ಬಿಸಿ ಮುದ್ದೆ ಉಂಡದ್ದೇ ಇಲ್ಲ. ಗಂಡಸರು, ಮಕ್ಕಳು, ಬಂದವರು, ಹೋದವರು ಎಲ್ಲ ಎದ್ದ ಮೇಲೆ, ತಳಕ್ಕೆ ಅಂಟಿದ್ದನ್ನು ಕೆರೆದು ಕಟ್ಟಿದ ತಣ್ಣನೆಯ ಮುದ್ದೆ ನಮ್ಮದು. ಅದರಲ್ಲೂ ಅರ್ಧ ಅವಳು ನಾಯಿಗೆ ಹಾಕುವಳು. ನೋಡಿ ನೋಡಿ ನಾನೂ ಹಟಕ್ಕೆ ಬಿದ್ದೆ. ಅವಳಿಗಿಂತ ಹೆಚ್ಚು ದುಡಿದು, ಅವಳಿಗಿಂತ ಕಡಿಮೆ ಉಂಡು, ಆ ಹೆಸರನ್ನು ನಾನು ಕಿತ್ತುಕೊಳ್ಳಬೇಕು ಅಂತ.

ಹೋದ ವರ್ಷ ಅವಳು ತಲೆಸುತ್ತಿ ಬಿದ್ದಳು. ಡೆಂಕಣಿಕೋಟೆಯ ಡಾಕ್ಟರು ರಕ್ತ ಕಡಿಮೆ ಅಂದರು. ಆಮೇಲೆ ಭಾನುವಾರ ಭಾನುವಾರ ತಳಿಯಲ್ಲಿ ಶ್ಯಾಮಲಮ್ಮ ನಡೆಸುವ ಭಜನೆಗೆ ಹೋಗತೊಡಗಿದಳು. ಅಲ್ಲಿ ಆಯಮ್ಮ ಕೇಳಿದರಂತೆ: “ದೇವ್ರು ನನ್ನೊಳಗೂ ಅವ್ನೆ ಅಂತ ಹಾಡ್ತೀಯಲ್ಲಮ್ಮಾ, ಗುಡಿಯಾಗಿರೋನ್ಗೆ ಬಿಸಿ ನೈವೇದ್ಯ, ಒಳಗಿರೋನ್ಗೆ ಯಾಕೆ ದಿನಾ ತಂಗಳು?”

ಅಷ್ಟೇ. ಮರುದಿನ ಮಧ್ಯಾಹ್ನ ಮೊದಲ ಮುದ್ದೆಯನ್ನು ತನ್ನ ತಟ್ಟೆಗೇ ಇಟ್ಟುಕೊಂಡು, ಬಸ್ಸಾರು ಹುಯ್ದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಳು. ನನಗೆ ಒಳಗೊಳಗೇ ಖುಷಿ. ಇವತ್ತು ಭಾವನಿಂದ ಸರಿಯಾಗಿ ಮಂಗಳಾರತಿ ಆಗುತ್ತೆ, ಒಳ್ಳೆ ಸೊಸೆ ಅನ್ನುವ ಪಟ್ಟ ನನಗೇ ಬರುತ್ತೆ ಅಂತ ಬಾಗಿಲಲ್ಲೇ ನಿಂತೆ.

ಅವಳ ಗಂಡ ಬಚ್ಚಪ್ಪ ಭಾವ ತೋಟದಿಂದ ಬಂದರು. ಅವಳು ಉಣ್ಣುವುದನ್ನು ನೋಡಿದರು. “ಆಯ್ತಾ ಮುದ್ದೆ? ಏಳ್ಬ್ಯಾಡ, ಉಣ್ಣು. ನಾನೇ ಹಾಕ್ಕತೀನಿ” ಅಂದು ತಟ್ಟೆ ತೆಗೆದುಕೊಂಡರು.

ಅಯ್ಯೋ ಶಿವನೇ, ಇಷ್ಟೇನಾ! ಹಾಗಾದರೆ ನಾನು ಇಷ್ಟು ವರ್ಷ ತಣ್ಣನೆಯದು ತಿಂದದ್ದು ಯಾರ ಉದ್ಧಾರಕ್ಕೆ? ದಿನಾ ಅವಳ ತಟ್ಟೆಯ ಹಬೆ ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮುಖದಲ್ಲಿ ಕಳೆ ಬೇರೆ ಬಂದಿತ್ತು ಅವಳಿಗೆ. ಒಂದು ದಿನ ತಡೆಯಲಾರದೆ ಬಾಯಿ ಬಿಟ್ಟೆ.

“ನಿಂಗೇನಕ್ಕಾ, ಮಹಾರಾಣಿ! ನೀನು ಬಿಸೀದು ಉಣ್ಣು. ತಳ ಕೆರ್ಯೋಕೆ ನಾನಿದ್ದೀನಲ್ಲ.”

ಅವಳು ಮುದ್ದೆ ಕಟ್ಟುವ ಕೈ ನಿಲ್ಲಿಸಿದಳು. “ಕೂತ್ಕೊ ಅನ್ನೋಕೆ ದಿನಾ ಬಾಯಿಗ್ ಬತ್ತಿತ್ತು ಕಣೇ. ನೀನೇ ಬೈತೀಯೇನೋ ಅಂತ ಸುಮ್ಕಿದ್ದೆ. ಯಾರೇ ಉಣ್ಬ್ಯಾಡ ಅಂದೋರು ನಿನ್ನ?”

ಯಾರ ಹೆಸರು ಹೇಳಲಿ? ಅತ್ತೆ ಇಲ್ಲ. ಗಂಡ ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಅವಳನ್ನು ಸೋಲಿಸಲು ಹೋಗಿ ನನ್ನ ಊಟ ನಾನೇ ತಣ್ಣಗೆ ಮಾಡಿಕೊಂಡಿದ್ದೆ. ಅಳು ಬಂತು, ಸಿಟ್ಟೂ ಬಂತು. ಕೂತೆ.

ಅವಳು ಹಾಕಿಕೊಟ್ಟ ಮುದ್ದೆ ಮುರಿದರೆ ಬೆರಳು ಚುರುಕ್ಕೆಂದಿತು. ಅವಳದು ನನ್ನದಕ್ಕಿಂತ ದಪ್ಪಗಿದೆಯೇನೋ ಅಂತ ಆಗಲೂ ಓರೆಗಣ್ಣು ಹಾಯಿಸಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಹೊಸೂರಿನಲ್ಲಿ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಮುನೀಂದ್ರ ಅಂಗಳದಿಂದಲೇ ಕೂಗಿದರು: “ಎಲ್ಲೋಗ್ಬುಟ್ಟೆ? ಹೊಟ್ಟೆ ಹಸೀತೈತೆ!”

ಅರ್ಧ ಎದ್ದೆ. ಅಕ್ಕ ತಡೆಯಲಿಲ್ಲ, ತನ್ನ ಪಾಡಿಗೆ ತಾನು ಉಣ್ಣುತ್ತಿದ್ದಳು. ಮತ್ತೆ ಕೂತೆ.

“ನಂಗೂ ಹಸೀತೈತೆ!” ಅಂತ ಕೂತಲ್ಲಿಂದಲೇ ಕೂಗಿದೆ.