ಆಯಿಯ ಒಡೆದ ದನಿ

ನಿನ್ನೆ ಹಳೆಯ ಲ್ಯಾಪ್‌ಟಾಪಿನ ತಳ ಬಿಚ್ಚಿ ಫ್ಯಾನ್ ಒರೆಸುತ್ತಿದ್ದೆ. ಒಳಗೆ ಹತ್ತಿಯ ಎಳೆ ಗಂಟುಗಟ್ಟಿ, ಬಿಸಿಗೆ ಕಮರಿತ್ತು. ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಯಾವ ಯಂತ್ರ ಬಿಚ್ಚಿದರೂ ಅಷ್ಟೇ. ಆ ಸುಟ್ಟ ಹತ್ತಿಯ ವಾಸನೆಗೆ ಎದುರುಮನೆಯ ಆಯಿ ನೆನಪಾದಳು...

ಗಡಹಿಂಗ್ಲಜ ಕಡೆಯಿಂದ ಮದುವೆಯಾಗಿ ಬಂದು, ಜೀವನವಿಡೀ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು. ಯಂತ್ರದ ಸದ್ದನ್ನು ಮೀರಿ ಮಾತಾಡಿ ರೂಢಿಯಾಗಿ, ಅವಳ ದನಿ ಓಣಿಯ ತುದಿಗೂ ಕೇಳುತ್ತಿತ್ತು. ತವರಿನ ಬೀಸುವ ಹಾಡುಗಳೆಲ್ಲ ಬಾಯಲ್ಲೇ ಇದ್ದವು. ನಾನು ಹಿಂದಿನ ಕೋಣೆಯಲ್ಲಿ ಭಜನಾ ಮಂಡಳಿಗಳ ಹಾಡು ರೆಕಾರ್ಡ್ ಮಾಡಿಕೊಡುತ್ತಿದ್ದೆ. ಒಂದು ದಿನ ಬಂದು ಕುಳಿತಳು. ಗಂಟಲಲ್ಲಿ ಗಡ್ಡೆಯಾಗಿತ್ತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಕೊಲ್ಲಾಪುರದ ಡಾಕ್ಟರು ಹೇಳಿದ್ದರು.

"ಬರೂ ವಾರ ನನ್ನ ದನಿ ಹೊಕ್ಕತಿ ತಂಗಿ. ಅದಕ್ಕೂ ಮದ್ಲ ಹಿಡದಿಡು," ಎಂದಳು.

ಮಗ್ಗಗಳು ಸುಮ್ಮನಾಗುತ್ತಿದ್ದುದು ವಾರಕ್ಕೊಮ್ಮೆ ಕರೆಂಟು ತೆಗೆದಾಗ ಮಾತ್ರ. ಕರೆಂಟಿಲ್ಲದ ಆ ಮಧ್ಯಾಹ್ನವೇ ಅವಳನ್ನು ಮೈಕಿನ ಮುಂದೆ ಕೂರಿಸಿದೆ. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪು ನಿಧಾನವಾಗಿ, ರೆಕಾರ್ಡಾಗುವ ದನಿ ನಡುನಡುವೆ ಚಟಚಟ ತುಂಡಾಗುತ್ತಿತ್ತು. ವೈಫೈ ಆರಿಸಿದೆ, ಬೇಡದ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿದೆ, ದನಿ ಕಡಿಯದಂತೆ ಬಫರ್ ಹಿಗ್ಗಿಸಿದೆ. ಏಳು ಹಾಡು ಹಾಡಿದಳು. ಐದನೆಯದರಲ್ಲಿ ದನಿ ಒಡೆದು ನಿಂತಿತು. ನೀರು ಕುಡಿದು, ನಿಂತ ಸಾಲಿನಿಂದಲೇ ಮತ್ತೆ ಎತ್ತಿದಳು.

ಮರುದಿನ ಕೇಳಲು ಆಯಿಯ ಜೊತೆಗೆ ಅವಳ ಮಗನೂ ಬಂದ. ಶಿರೋಳಿಯ ಫೌಂಡ್ರಿಯಲ್ಲಿ ಕೆಲಸ ಅವನದು. "ಅಕ್ಕಾರ, ಜರಾ ಚಲೋ ಮಾಡ್ರಿ. ಒಡಕ ಕೇಳಬಾರದು," ಎಂದ. ನನಗೂ ಅದೇ ಸರಿ ಅನಿಸಿತ್ತು. ದನಿಗೆ ಮಾರ್ದನಿ ಸೇರಿಸುವ ರಿವರ್ಬ್ ಪ್ಲಗಿನ್ ಹಾಕಿ, ಅದರಲ್ಲಿ 'ದೊಡ್ಡ ಹಾಲ್' ಆಯ್ದು, ಅನುರಣನವನ್ನು ನಾಲ್ಕು ಸೆಕೆಂಡಿಗೆ ಎಳೆದೆ. ಒಡಕೆಲ್ಲ ಅದರಲ್ಲಿ ಮುಳುಗಿತು.

ಆಯಿ ಅರ್ಧ ಹಾಡಿಗೇ ಹೆಡ್‌ಫೋನ್ ತೆಗೆದಿಟ್ಟಳು.

"ಇದು ಯಾರ ದನಿ?"

"ನಿಂದ ಐತಿ ಆಯಿ."

"ನಾ ಯಾವ ಬಾವ್ಯಾಗ ಕುಂತ ಹಾಡೇನಿ? ತಗಿ ಅದನ್ನ."

"ಮಂದಿ ಏನಂದಾರು ಅವ್ವಾ?" ಎಂದ ಮಗ.

"ಏನರ ಅನ್ನಲಿ. ಡಾಕ್ಟರ್ ನನ್ನ ದನಿ ತಗೀತೀನಂತ ಹೇಳ್ಯಾನ. ಅವನಕ್ಕಿಂತ ಮದ್ಲ ನೀವ್ಯಾಕ ತಗ್ಯಾಕತ್ತೀರಿ?"

ನನಗೆ ನಾಚಿಕೆಯಾಯಿತು. 'ದೊಡ್ಡ ಹಾಲ್' ತೆಗೆದು 'ಸಣ್ಣ ಕೋಣೆ' ಹಾಕಿದೆ. ಅನುರಣನ ಒಂದು ಸೆಕೆಂಡಿಗೆ, ಅರ್ಧಕ್ಕೆ ಇಳಿಸಿದೆ. ಅವಳು ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೈಯಲ್ಲೇ 'ಇನ್ನೂ' ಎಂದು ತೋರಿಸುತ್ತಿದ್ದಳು. ಕೊನೆಗೆ ಒಂದು ಕಡೆ ತಲೆಯಾಡಿಸಿದಳು. "ಇದು ನಮ್ಮ ಅಡಗಿಮನಿ. ಇಲ್ಲೇ ಬಿಡು." ಒಡಕು ಹಾಗೇ ಉಳಿಯಿತು.

ಆಪರೇಶನ್ ಆದ ಮೇಲೆ ಮೂರು ವರ್ಷ ಬದುಕಿದಳು. ಯಾರಾದರೂ ಮರುಕಪಡಲು ಬಂದರೆ ಮೊಬೈಲಿನಲ್ಲಿ ದನಿ ಒಡೆದ ಆ ಐದನೆಯ ಹಾಡು ಹಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಚಹಾ ಮಾಡಲು ಒಳಗೆ ಹೋಗುತ್ತಿದ್ದಳು. ಬಂದವರಿಗೆ ಕೇಳದೆ ಬೇರೆ ದಾರಿ ಇರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಕೊಲ್ಲಾಪುರದ ಜನಪದ ಹಾಡಿನ ಕಾರ್ಯಕ್ರಮದವರೊಬ್ಬರು ಫೋನ್ ಮಾಡಿದ್ದರು. ಆಯಿಯ ಆ ಹಾಡು ಬೇಕಂತೆ, ಆದರೆ ದನಿ ತುಸು ಸಾಫ್ ಮಾಡಿ ಕೊಡಬೇಕಂತೆ. "ಇದ್ದಂಗ ಒಯ್ಯೂದಿದ್ರ ಒಯ್ರಿ, ಇಲ್ಲಂದ್ರ ಬ್ಯಾಡ್ರಿ," ಎಂದೆ. ಅವರು ಬೇಡವೆಂದರು.

ಫೋನ್ ಇಟ್ಟವಳೇ, ಆಯಿಗೆ ಇದನ್ನು ಹೇಳಿಬರೋಣವೆಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಬಂದೆ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ...